ಬೆಲ್ಲದ ಅಚ್ಚೂ ಅರವತ್ತನಾಲ್ಕು ಅಕ್ಷರವೂ

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನಿಗೆ ಬೆಲ್ಲದ ಮಂಡಿ ಇದೆ. ಲೆಕ್ಕಕ್ಕೆ ಒಂದು ಹಳೆಯ ಕಂಪ್ಯೂಟರ್. ವಿಂಡೋಸ್ 7, 2 ಜಿಬಿ ರ‍್ಯಾಮ್, ನೆತ್ತಿಯ ಮೇಲೆ ಕಳೆದ ಆಯುಧಪೂಜೆಯ ಕುಂಕುಮ. ಆಡಿಟರ್ ಕಳಿಸುವ ಆರ್‌ಎಆರ್ ಫೈಲ್ (ಹಲವು ಕಡತಗಳನ್ನು ಒತ್ತಿ ಕಟ್ಟಿದ ಗಂಟು) ಬಿಚ್ಚೋಕೆ 7-ಜಿಪ್ ಎಂಬ ತಂತ್ರಾಂಶ ಬೇಕಿತ್ತು. ಅದರ ಫೈಲನ್ನು ಚಿಕ್ಕಪ್ಪನೇ ಇಳಿಸಿಟ್ಟಿದ್ದರು. ನಾನು ಇನ್‌ಸ್ಟಾಲ್ ಮಾಡಲು ಕೂತರೆ, "ಇವತ್ತು ಅಮಾಸೆ ಕಣ್ಲಾ, ನಾಳೆ ಹಾಕು" ಅಂದರು.

ಅಮಾವಾಸ್ಯೆಗೆ ನಾನು ಹೆದರಲಿಲ್ಲ. ಆ ಫೈಲ್ ಬಂದ ಜಾಗ ನೋಡಿ ಹೆದರಿದೆ. ಹುಡುಕಾಟದಲ್ಲಿ ಮೊದಲು ಸಿಕ್ಕ ಯಾವುದೋ ತಾಣ, ಅಲ್ಲೊಂದು ದೊಡ್ಡ ಹಸಿರು ಬಟನ್. "ಸೈಜ್ ಸರಿಯಾಗೇ ಐತಲ್ಲ, ಇನ್ನೇನು?" ಎಂದರು ಚಿಕ್ಕಪ್ಪ.

ಈ ಮಾತು ಎಷ್ಟು ಜನ ಹೇಳ್ತಾರೆ! ಲಾರಿಗೆ ಕಬ್ಬಿನ ಬದಲು ಅಷ್ಟೇ ತೂಕದ ಕಲ್ಲು ತುಂಬಿದರೂ ವೇಬ್ರಿಡ್ಜ್ ಅದೇ ಅಂಕಿ ತೋರಿಸುತ್ತದೆ, ಅಲ್ವಾ?

ಇದಕ್ಕೆ ಮದ್ದು ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚು. ತಂತ್ರಾಂಶ ಮಾಡಿದವರು ಎಷ್ಟೋ ಸಲ ಡೌನ್‌ಲೋಡ್ ಜೊತೆಗೇ ಈ ಹ್ಯಾಶನ್ನು ಒಂದು ಉದ್ದನೆಯ ಸಾಲಾಗಿ ಕೊಟ್ಟಿರುತ್ತಾರೆ. ನಿಮ್ಮ ಕೈಲಿರುವ ಫೈಲಿನ ಹ್ಯಾಶ್ ತೆಗೆದು ಅದಕ್ಕೆ ಹೋಲಿಸಿ ನೋಡಬೇಕು. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಆದರೆ 64 ಅಕ್ಷರ. ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಯಿಂದ ಎಫ್, ಇಷ್ಟರಲ್ಲೇ ಎಲ್ಲ. ಆಲೆಮನೆ ನೆನೆಸಿಕೊಳ್ಳಿ. ಒಂದು ಹೊರೆ ಕಬ್ಬು ಹಾಕಿ, ಒಂದು ಗಾಡಿ ಹಾಕಿ, ಈ ಆಲೆಮನೆಯಿಂದ ಹೊರಬರೋದು ಒಂದೇ ಅಳತೆಯ ಒಂದೇ ಅಚ್ಚು. ಅಚ್ಚಿನಿಂದ ಕಬ್ಬನ್ನು ವಾಪಸ್ ಪಡೆಯೋಕೂ ಆಗಲ್ಲ. ಫೈಲನ್ನು 64 ಬೈಟಿನ ತುಂಡು ಮಾಡಿ, ಪ್ರತಿ ತುಂಡನ್ನೂ 64 ಸುತ್ತು ಅರೆದು, ಅದರ ರಸವನ್ನು ಮುಂದಿನ ತುಂಡಿಗೆ ಬೆರೆಸುತ್ತಾ ಹೋಗುವ ಗಾಣ ಇದು.

ಆದರೆ ಒಂದು ಕಡೆ ನನ್ನ ಬೆಲ್ಲ ಕೈಕೊಡುತ್ತದೆ. ಗಾಡಿ ಕಬ್ಬಿನಲ್ಲಿ ಒಂದು ಗೆಣ್ಣು ಬದಲಾದರೆ ಬೆಲ್ಲಕ್ಕೆ ಏನೂ ಗೊತ್ತಾಗಲ್ಲ. ಹ್ಯಾಶ್‌ಗೆ ಗೊತ್ತಾಗುತ್ತದೆ. ರಂಗೋಲಿಯ ಒಂದು ಚುಕ್ಕಿ ಸರಿದರೆ ಇಡೀ ಬಳ್ಳಿ ಸೊಟ್ಟಗಾಗುವ ಹಾಗೆ, ಫೈಲಿನಲ್ಲಿ ಒಂದೇ ಒಂದು ಬಿಟ್ (ಸೊನ್ನೆ ಇಲ್ಲವೇ ಒಂದು ಆಗಿರುವ ಅತಿ ಚಿಕ್ಕ ತುಣುಕು) ಬದಲಾದರೂ ಉತ್ತರದ ಸುಮಾರು ಅರ್ಧ ಬಿಟ್‌ಗಳು ತಿರುಗಿಬೀಳುತ್ತವೆ. ಆಗಬಹುದಾದ ಉತ್ತರಗಳ ಎಣಿಕೆಯೇ 78 ಅಂಕಿಯ ಸಂಖ್ಯೆ.

ಎಲ್ಲ ಗಾಣವೂ ಇಷ್ಟು ಗಟ್ಟಿ ಅಲ್ಲ. ಅಮೆರಿಕದ ಗೂಢಲಿಪಿ ತಜ್ಞ ರೊನಾಲ್ಡ್ ರಿವೆಸ್ಟ್ 1991ರಲ್ಲಿ ಮಾಡಿದ ಎಂಡಿ5 ಎಂಬ ಹ್ಯಾಶ್ ವಿಧಾನ ಬಹಳ ಕಾಲ ಮೆರೆಯಿತು. 2004ರಲ್ಲಿ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತು ಜೊತೆಗಾರರು ಬೇರೆ ಬೇರೆ ಕಬ್ಬಿನಿಂದ ಒಂದೇ ಅಚ್ಚು ತೆಗೆದು ತೋರಿಸಿದರು. 2012ರಲ್ಲಿ ಬಯಲಾದ ಫ್ಲೇಮ್ ಎಂಬ ಕುತಂತ್ರಾಂಶ ಇದೇ ಬಿರುಕಿನಲ್ಲಿ ನುಸುಳಿ ಮೈಕ್ರೋಸಾಫ್ಟ್‌ನದೇ ಎನ್ನಿಸುವ ನಕಲಿ ಸಹಿ ಹೊತ್ತು ಬಂದಿತ್ತು. ಅದಕ್ಕೇ ಎಂಡಿ5 ಸಾಲು ಮಾತ್ರ ಕೊಟ್ಟಿದ್ದರೆ ನನಗೆ ಸಮಾಧಾನ ಆಗಲ್ಲ.

ವಿಂಡೋಸ್ 7ರ ಒಳಗೇ ಸರ್ಟ್‌ಯುಟಿಲ್ ಎಂಬ ಆದೇಶ ಇದೆ, ಹ್ಯಾಶ್ ಲೆಕ್ಕ ಹಾಕಲು ಬೇರೇನೂ ಬೇಡ. ಹಾಕಿದೆ. ತಯಾರಕರು ಕೊಟ್ಟ ಸಾಲಿಗೆ ಮೊದಲ ನಾಲ್ಕು ಅಕ್ಷರವೇ ಹೊಂದಲಿಲ್ಲ. ಡಿಲೀಟ್. ತಯಾರಕರ ಸ್ವಂತ ತಾಣದಿಂದಲೇ ಮತ್ತೆ ಇಳಿಸಿದೆ. ಹೊಂದಿತು.

ಆದರೂ ಓಡಲಿಲ್ಲ! ಅದು 64-ಬಿಟ್‌ನದು, ಚಿಕ್ಕಪ್ಪನ ವಿಂಡೋಸ್ 32-ಬಿಟ್. ತಪ್ಪು ನನ್ನದೇ. ಹ್ಯಾಶ್ ಹೇಳೋದು ಇದು ಅದೇ ಫೈಲ್ ಅಂತ ಮಾತ್ರ. ನಿಮ್ಮ ಯಂತ್ರಕ್ಕೆ ಒಗ್ಗುತ್ತದೆ ಅಂತಲ್ಲ, ಮಾಡಿದವನು ಒಳ್ಳೆಯವನು ಅಂತಲೂ ಅಲ್ಲ. ತಾಣವೇ ನಕಲಿಯಾದರೆ ಅಲ್ಲಿರುವ ಸಾಲೂ ನಕಲಿಯೇ.

32-ಬಿಟ್‌ನ ಮೂರನೇ ಫೈಲಿಗೆ ಚಿಕ್ಕಪ್ಪ ಕನ್ನಡಕ ಏರಿಸಿ ತಾವೇ ಕೂತರು. "ಏನ್ಲಾ ಇದು, ಲಾಟ್ರಿ ನಂಬರಾ?" ಎಂದು ಬೈಯುತ್ತಲೇ ಒಂದೊಂದೇ ಅಕ್ಷರ ಓದಿದರು. ನಾನು ತೆರೆ ನೋಡುತ್ತಾ ಅರವತ್ತನಾಲ್ಕು ಸಲ ಹೂಂಗುಟ್ಟಿದೆ.