ಸಂಸ್ಕೃತಿ, ವೈವಿಧ್ಯ, ಸಮಾನತೆ: ಸಿದ್ದಿ ಸಮುದಾಯ ಇಟ್ಕೊಂಡು ಒಂದು ಅಧ್ಯಯನ ಟಿಪ್ಪಣಿ

ಈ ಚಾಪ್ಟರ್‌ನ ಡೆಫಿನಿಷನ್‌ಗಳನ್ನ ಬಾಯಿಪಾಠ ಮಾಡಿದ್ರೆ ಪರೀಕ್ಷೆ ಹಾಲ್‌ಗೆ ಹೋಗೋ ಹೊತ್ತಿಗೆ ಎಲ್ಲಾ ಕಲಸಿಹೋಗಿರತ್ತೆ. ಅದಕ್ಕೆ ಒಂದೇ ಸಮುದಾಯ ಹಿಡ್ಕೊಂಡು ಪೂರ್ತಿ ಚಾಪ್ಟರ್ ಓದೋಣ, ನಮ್ಮ ಉತ್ತರ ಕನ್ನಡದ ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಕಾಡಂಚಲ್ಲಿ ಇರೋರು. ಇವರ ಹಿರಿಯರು ಪೂರ್ವ ಆಫ್ರಿಕಾದವರು, ಬಹಳಷ್ಟು ಜನರನ್ನ ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದ್ರು, ಅಲ್ಲಿಂದ ತಪ್ಪಿಸ್ಕೊಂಡೋರು, ಬಿಡುಗಡೆ ಆದೋರು ಘಟ್ಟದ ಕಾಡು ಸೇರಿದ್ರು. ಹಾಗಂತ ಆಫ್ರಿಕಾ ಮೂಲದವರೆಲ್ಲ ಗುಲಾಮರಾಗೇ ಉಳಿದ್ರು ಅಂತ ಬರೀಬೇಡಿ, 17ನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿ ದರ್ಬಾರಲ್ಲಿ ಹಬ್ಶಿ (ಆಫ್ರಿಕಾದ ಇಥಿಯೋಪಿಯಾ ಕಡೆಯ) ಮೂಲದ ಇಖ್ಲಾಸ್ ಖಾನ್ ಮಂತ್ರಿ ಆಗಿದ್ದ, ಅಹ್ಮದ್‌ನಗರದಲ್ಲಿ ಅದೇ ಮೂಲದ ಮಲಿಕ್ ಅಂಬರ್ ರಾಜ್ಯಾನೇ ನಡೆಸಿದ.

ಈಗ ಸಂಸ್ಕೃತಿ. ಅದು ರಕ್ತದಲ್ಲಿ ಬರಲ್ಲ, ಬದುಕಿದ ಕಡೆ ಕಲಿತು ಬರೋದು. ಸಿದ್ದಿಗಳಲ್ಲಿ ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರಿದ್ದಾರೆ, ಮಾತು ನೋಡಿದ್ರೆ ಕೊಂಕಣಿ, ಕನ್ನಡ, ಮರಾಠಿ, ಉರ್ದು. ಡಮಾಮಿ ವಾದ್ಯದ ಜೊತೆ ಕುಣಿತ ಇದೆ, ಹಿರಿಯರ ಪೂಜೆ ಇದೆ. ಹೆಂಗಸರು ಹಳೇ ಬಟ್ಟೆ ತುಂಡು ಜೋಡಿಸಿ ಕವಂದಿ ಹೊಲಿತಾರೆ, ನಮ್ಮ ಬಯಲುಸೀಮೆ ಕೌದಿಯ ಬಳಗದ್ದೇ, ಆದ್ರೆ ಬಣ್ಣ ಇಡೋ ರೀತಿ ಪೂರ್ತಿ ಅವರದ್ದೇ. ವೈವಿಧ್ಯ ಅಂದ್ರೆ ಸಮುದಾಯ ಸಮುದಾಯದ ನಡುವಿನ ವ್ಯತ್ಯಾಸ ಮಾತ್ರ ಅಲ್ಲ, ಒಂದೇ ಸಮುದಾಯದ ಒಳಗೂ ಇರತ್ತೆ ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಆಮೇಲೆ ಸ್ಟೀರಿಯೋಟೈಪ್, ಅಂದ್ರೆ ಒಂದು ಗುಂಪಿನವರೆಲ್ಲ ಹೀಗೇ ಅಂತ ಮೊದಲೇ ಅನ್ಕೊಂಡ್ಬಿಡೋದು. ಮುಖ ನೋಡಿ ‘ಯಾವ ದೇಶದಿಂದ ಬಂದಿದ್ದೀರಿ’ ಅಂತ ಇಂಗ್ಲಿಷಲ್ಲಿ ಕೇಳೋದು ಒಂದು ಥರ, ಹೊಗಳಿಕೆಯ ವೇಷದಲ್ಲಿ ಬರೋದು ಇನ್ನೊಂದು ಥರ. 1980ರ ದಶಕದ ಕೊನೆಗೆ ಕೇಂದ್ರದ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನ ಆರಿಸಿ ಅಥ್ಲೆಟಿಕ್ಸ್ ಟ್ರೈನಿಂಗ್ ಕೊಡ್ತು, ಆಫ್ರಿಕಾ ಮೂಲ ಅಂದ್ಮೇಲೆ ಓಟ ಸಹಜವಾಗೇ ಬರತ್ತೆ ಅನ್ನೋ ನಂಬಿಕೆ ಇದರ ಹಿಂದೆ ಇತ್ತು. ಕೆಲವರು ಪದಕಾನೂ ತಂದ್ರು, ಆದ್ರೆ 90ರ ದಶಕದಲ್ಲಿ ಯೋಜನೆ ನಿಂತೋಯ್ತು. ಮಕ್ಕಳಿಗೆ ಅವಕಾಶ ಸಿಕ್ಕಿದ್ದು ಒಳ್ಳೇದೇ, ಅದನ್ನ ಸಣ್ಣದು ಮಾಡಲ್ಲ. ಆದ್ರೆ ಆ ಮಗುಗೆ ಲೆಕ್ಕ ಇಷ್ಟಾನಾ, ಹಾಡು ಇಷ್ಟಾನಾ ಅಂತ ಕೇಳೋಕೂ ಮುಂಚೆನೇ ನೀನು ಓಡ್ಬೇಕು ಅಂತ ನಿರ್ಧಾರ ಆಗಿರತ್ತಲ್ಲ, ಅದು ಸರಿ ಅನ್ಸಲ್ಲ.

ಇನ್ನು ಸಮಾನತೆ, ಇಲ್ಲಿ ನಿಧಾನಕ್ಕೆ ಓದಿ. ಸಂವಿಧಾನದ 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮಾನ ಅನ್ನತ್ತೆ, 1951ರ ಮೊದಲ ತಿದ್ದುಪಡಿಯಲ್ಲಿ ಬಂದ 15(4) ಹಿಂದುಳಿದ ವರ್ಗಗಳಿಗೆ, ಪರಿಶಿಷ್ಟ ಜಾತಿ ಪಂಗಡಗಳಿಗೆ ವಿಶೇಷ ಸೌಲಭ್ಯ ಕೊಡಬಹುದು ಅನ್ನತ್ತೆ. ಎರಡೂ ಒಂದಕ್ಕೊಂದು ವಿರುದ್ಧ ಅಂತ ತುಂಬಾ ಜನ ಅನ್ಕೋತಾರೆ, ಅಲ್ಲ. ಶುರು ಮಾಡೋ ಜಾಗನೇ ಬೇರೆ ಬೇರೆ ಇರೋವಾಗ ಒಂದೇ ನಿಯಮ ಹಾಕಿದ್ರೆ ಹಿಂದಿದ್ದೋರು ಹಿಂದೇನೇ ಉಳೀತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಪಕ್ಕದ ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳು ಸೇರೋಕೆ 2020 ಆಯ್ತು. ಅಂದ್ರೆ ಅದೇ ಜನ, ಜಿಲ್ಲೆ ಗಡಿ ದಾಟಿದ್ರೆ ಹಕ್ಕು ಇಲ್ಲ, 17 ವರ್ಷ!

ಇದು ಬರೀ ಸರ್ಟಿಫಿಕೇಟ್ ವಿಷಯ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರು 13-12-2005ಕ್ಕೂ ಮುಂಚೆಯಿಂದ ಕಾಡಿನ ಭೂಮಿ ತಮ್ಮ ಸ್ವಾಧೀನದಲ್ಲಿದೆ ಅಂತ ತೋರಿಸಿದ್ರೆ ಸಾಕು, ಅದರ ಹಕ್ಕು ಕೇಳಬಹುದು, ಪಟ್ಟಿಯಲ್ಲಿ ಇಲ್ದಿರೋ ಅರಣ್ಯವಾಸಿಗಳು ಮೂರು ತಲೆಮಾರು, ಅಂದ್ರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಕಾಡಲ್ಲಿ ಹುಟ್ಟಿ ಕಾಡಲ್ಲೇ ಬೆಳೆದ ಅಜ್ಜಂದಿರ ಕಾಲದ ಕಾಗದಪತ್ರ ಎಲ್ಲಿಂದ ತರೋದು ಹೇಳಿ.

ಹತ್ತು ಮಾರ್ಕ್ಸ್ ಪ್ರಶ್ನೆ ಬಂದ್ರೆ ಈ ಜಿಲ್ಲೆ ಗಡಿಯ ವಿಷಯಾನೂ 75 ವರ್ಷದ ಷರತ್ತನ್ನೂ ಒಟ್ಟಿಗೇ ಬರೀರಿ. ಪ್ರಾತಿನಿಧ್ಯದ ಬಗ್ಗೆ ಕೇಳಿದ್ರೆ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನ ಆದ ಶಾಂತಾರಾಮ ಸಿದ್ದಿ ಅವರ ಹೆಸರು ಸೇರಿಸಿ, ಕರ್ನಾಟಕದ ಸಿದ್ದಿಗಳಲ್ಲಿ ಶಾಸನಸಭೆಗೆ ಹೋದ ಮೊದಲಿಗರು ಅವರೇ.