ಬಿ.ಡಿ. ಮಾಡ್ಲೋ, ಎಂಎಸ್‌ಡಬ್ಲ್ಯೂ ಮಾಡ್ಲೋ?

ಗದಗ ಕಡೆ ಹುಡುಗಿ ಒಬ್ಬಳು ಬರೆದಿದ್ಲು, ಅವಳ ಮಾತಲ್ಲೇ ಹಾಕ್ತೀನಿ: "ಅಣ್ಣಾರ, ನಂದು ಬಿಎ ಮುಗೀತು. ಸೇವಾ ಮಾಡಬೇಕಂತ ಸಣ್ಣಾಕಿ ಇದ್ದಾಗಿಂದ ಆಸೆ ಐತಿ. ಮನ್ಯಾಗ ಬ್ಯಾಂಕ್ ಎಕ್ಸಾಮ್ ಬರಿ ಅಂತಾರ. ಬಿ.ಡಿ. ಮಾಡ್ಲೋ ಎಂಎಸ್‌ಡಬ್ಲ್ಯೂ ಮಾಡ್ಲೋ? ಇದ್ರಾಗ ಹೊಟ್ಟಿ ತುಂಬತೈತೇನು?"

ಪಾದ್ರಿ ಆಗೋರು ಓದೋ ಬಿ.ಡಿ.ನಾ, ಸಮಾಜಕಾರ್ಯದ ಮಾಸ್ಟರ್ ಡಿಗ್ರಿ ಎಂಎಸ್‌ಡಬ್ಲ್ಯೂನಾ ಅನ್ನೋ ಇದೇ ಪ್ರಶ್ನೆ ಬೇರೆ ಬೇರೆ ಊರಿಂದ ಬೇರೆ ಬೇರೆ ತರ ಬರ್ತಾನೇ ಇರುತ್ತೆ, ಕೊನೇ ಸಾಲು ಮಾತ್ರ ಎಲ್ಲರದ್ದೂ ಒಂದೇ. ಆ ಸಾಲು ಕೇಳೋಕೆ ನಾಚ್ಕೋಬೇಡಮ್ಮ, ಅದನ್ನ ಕೇಳದೇ ಬಂದೋರೇ ನಮ್ಮ ಫೀಲ್ಡಲ್ಲಿ ಜಾಸ್ತಿ ಒದ್ದಾಡಿರೋದು, ಅದ್ರಲ್ಲಿ ನಾನೂ ಒಬ್ಬ.

ಮೊದಲು ಬಿ.ಡಿ. ಅಂದ್ರೆ ಏನು ಅಂತ ನೋಡೋಣ, ಯಾಕಂದ್ರೆ ತುಂಬಾ ಜನ ಇದನ್ನ ಇನ್ನೊಂದು ಎಂಎ ತರ ಅಂದ್ಕೊಂಡು ಹೋಗಿ ಸೇರ್ತಾರೆ. ಬ್ಯಾಚುಲರ್ ಆಫ್ ಡಿವಿನಿಟಿ, ಡಿಗ್ರಿ ಆದೋರಿಗೆ ನಾಲ್ಕು ವರ್ಷ, ಹಾಸ್ಟೆಲಲ್ಲೇ ಇದ್ದು ಓದ್ಬೇಕು. ನಮ್ಮಲ್ಲಿ ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜ್ ಇದೆ, ಕೆಟಿಸಿ ಅಂತಾರೆ, ಕನ್ನಡದಲ್ಲಿ ಓದೋರಿಗೆ ಅದೇ ಮನೆ. ಬೆಂಗಳೂರಲ್ಲಿ 1910ರಿಂದ ಇರೋ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್, ಯುಟಿಸಿ, ಅಲ್ಲಿ ಇಂಗ್ಲಿಷ್. ಡಿಗ್ರಿ ಕೊಡೋದು ಮಾತ್ರ ಬಂಗಾಳದ ಸೆರಾಂಪುರದೋರು, ಮಿಷನರಿ ವಿಲಿಯಂ ಕೇರಿ ಮತ್ತೆ ಜೊತೆಗಾರರು 1818ರಲ್ಲಿ ಶುರು ಮಾಡಿದ ಕಾಲೇಜು, ಆಗ ಆ ಊರು ಡೆನ್ಮಾರ್ಕಿನೋರ ಕೈಲಿತ್ತು, ಹಂಗಾಗಿ 1827ರಲ್ಲಿ ಡೆನ್ಮಾರ್ಕ್ ರಾಜ ಡಿಗ್ರಿ ಕೊಡೋ ಅಧಿಕಾರ ಬರ್ಕೊಟ್ಟ. ಇವತ್ತಿಗೂ ಬಲ್ಮಠದಲ್ಲಿ ಓದಿದ ಹುಡುಗನ ಸರ್ಟಿಫಿಕೇಟ್ ಹಿಂದೆ ಆ ರಾಜನ ಸಹಿ ಇದ್ದಂಗೆ. ಕೇಳೋಕೆ ಮಜವಾಗಿದೆ, ಆದ್ರೆ ಆ ಸರ್ಟಿಫಿಕೇಟ್ ನಡೆಯೋದು ಹೆಚ್ಚಾಗಿ ಚರ್ಚ್ ಒಳಗೆ. ನಾಳೆ ಎನ್‌ಜಿಒದಲ್ಲೋ ಆಸ್ಪತ್ರೆಲೋ ಸೋಷಿಯಲ್ ವರ್ಕರ್ ಪೋಸ್ಟ್ ಕರೆದ್ರೆ ಅಲ್ಲಿ ಕೇಳೋದು ಎಂಎಸ್‌ಡಬ್ಲ್ಯೂ.

ಇನ್ನೊಂದು ವಿಷ್ಯ, ಬಿ.ಡಿ. ಮಾಡಿದ ತಕ್ಷಣ ಯಾರೂ ಸಭಾಪಾಲಕರು, ಅಂದ್ರೆ ಚರ್ಚಿನ ಪಾದ್ರಿ, ಆಗಲ್ಲ. ಸಿಎಸ್‌ಐ, ಅಂದ್ರೆ ಪ್ರೊಟೆಸ್ಟಂಟರ ಚರ್ಚ್ ಆಫ್ ಸೌತ್ ಇಂಡಿಯಾ ಆದ್ರೆ ನಿಮ್ಮ ಸಭೆ, ಅಂದ್ರೆ ನಿಮ್ಮೂರ ಚರ್ಚಿನ, ಕಮಿಟಿ ಲೆಟರ್ ಕೊಡ್ಬೇಕು, ಬಿಷಪ್ ಕೈಕೆಳಗಿನ ಪ್ರಾಂತ್ಯ ಅಂದ್ರೆ ಡಯಾಸಿಸ್‌ನೋರು ಸೆಲೆಕ್ಟ್ ಮಾಡ್ಬೇಕು, ನಿಮ್ಮ ಗದಗ ಕಡೆಯೋರಿಗೆ ಅದು ಧಾರವಾಡದ ಉತ್ತರ ಡಯಾಸಿಸ್. ಓದು ಮುಗಿದ ಮೇಲೂ ಒಂದಷ್ಟು ಕಾಲ ಹಿರಿಯರ ಕೆಳಗೆ ಕೆಲಸ, ಆಮೇಲೆ ದೀಕ್ಷೆ. ಡಯಾಸಿಸ್ ಕಳ್ಸದೇ ಸ್ವಂತ ದುಡ್ಡಲ್ಲಿ ಓದ್ಬೋದು, ಓದ್ತಾರೆ ಕೂಡ, ಆದ್ರೆ ಓದಿ ಬಂದ್ಮೇಲೆ ಕೆಲಸ ಕೊಡಿ ಅಂತ ಬಾಗಿಲು ಬಾಗಿಲು ಅಲೆಯೋ ಹುಡುಗರನ್ನ ನಾನೇ ನೋಡಿದೀನಿ. ಹೆಣ್ಮಕ್ಕಳಿಗೆ ಆಗುತ್ತಾ ಅಂದ್ರೆ ಸಿಎಸ್‌ಐನಲ್ಲಿ ಆಗುತ್ತೆ, 1970ರ ದಶಕದಿಂದ್ಲೇ ಮಹಿಳೆಯರಿಗೆ ದೀಕ್ಷೆ ಕೊಡ್ತಿದಾರೆ, 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತ ಅವ್ರು ಬಿಷಪ್ಪೇ ಆದ್ರು. ಕಾಗದದ ಮೇಲೆ ಬಾಗಿಲು ತೆಗ್ದಿದೆ, ಊರಿನ ಸಭೆಗೆ ಲೇಡಿ ಪಾದ್ರಿ ಬರ್ತಾರೆ ಅಂದ್ರೆ ಹಿರಿಯರ ಮುಖ ಹೆಂಗಾಗುತ್ತೆ ಅನ್ನೋದು ಬೇರೆ ಕಥೆ. ಕ್ಯಾಥೊಲಿಕ್ ಆದ್ರೆ ಲೆಕ್ಕನೇ ಬೇರೆ, ಫಾದರ್ ಆಗೋಕೆ ಗುರುಮಠದಲ್ಲಿ ಹತ್ತು ಹತ್ತು ವರ್ಷ, ಹೆಣ್ಮಕ್ಕಳಾದ್ರೆ ಕಾನ್ವೆಂಟ್ ಸೇರಿ ಸಿಸ್ಟರ್ ಆಗೋದು, ಎರಡರಲ್ಲೂ ಮದ್ವೆ ಇಲ್ಲ, ಅದನ್ನ ಕೆರಿಯರ್ ಅನ್ನೋಕಾಗಲ್ಲ.

ಈಗ ನನ್ನ ಕಡೆಗೆ ಬರ್ತೀನಿ. ನಾನು ಮಾಡಿದ್ದು ಎಂಎಸ್‌ಡಬ್ಲ್ಯೂ. ಎರಡು ವರ್ಷದ ಕೋರ್ಸು, ವಾರಕ್ಕೆ ಎರಡು ದಿನ ಫೀಲ್ಡ್ ವರ್ಕು. ಪಾಸಾಗಿ ಚಾಮರಾಜನಗರ ಜಿಲ್ಲೇಲಿ ಒಂದು ಚರ್ಚ್ ಸಂಸ್ಥೆಲಿ ಸೇರ್ದೆ, ಸಂಬಳ ಆರೂವರೆ ಸಾವಿರ, ಬೈಕ್ ನಂದು, ಪೆಟ್ರೋಲ್ ಅವರ್ದು. ಮೊದಲನೇ ವಾರ ಕೊಳ್ಳೇಗಾಲದಿಂದ ಒಳಗೆ ಒಂದು ಹಳ್ಳಿಗೆ ಮಹಿಳಾ ಸಂಘದ ಮೀಟಿಂಗಿಗೆ ಕಳ್ಸಿದ್ರು. ರಾತ್ರಿ ಎಂಟೂವರೆ, ಮಾರಮ್ಮನ ಗುಡಿ ಜಗುಲಿ ಮೇಲೆ ಹದಿನಾರು ಜನ ಹೆಂಗಸ್ರು, ಎಲ್ಲಾ ಕೂಲಿ ಮುಗ್ಸಿ ಅಡುಗೆ ಮುಗ್ಸಿ ಬಂದೋರು. ನಾನು ಸಬಲೀಕರಣ ಅಂತೆಲ್ಲ ನೋಟ್ಸ್ ಮಾಡ್ಕೊಂಡು ಹೋಗಿದ್ದೆ. ಎದ್ದು ನಿಂತು ಎರಡು ಮಾತು ಆಡಿರ್ಲಿಲ್ಲ, ಒಬ್ಬ ಅಜ್ಜಿ ಎಲೆಅಡಿಕೆ ಉಗಿದು ಬಂದು "ಕೂತ್ಕಳಿ ಸಾ, ಮೊದ್ಲು ಬುಕ್ಕು ಬರೀರಿ, ನಿದ್ದ ಬತ್ತದ" ಅಂದ್ಲು. ಬುಕ್ಕು ಅಂದ್ರೆ ನಡಾವಳಿ ಪುಸ್ತಕ. ಯಾರ್ ಬಂದ್ರು, ಯಾರ್ ಬರ್ಲಿಲ್ಲ, ಉಳಿತಾಯ ಎಷ್ಟು, ಸಾಲ ಯಾರಿಗೆ, ಬಡ್ಡಿ ಎಷ್ಟು ಬಂತು. ನಂಗೆ ಬರೆಯೋಕೆ ಬರ್ಲಿಲ್ಲ. ಮೊತ್ತದಲ್ಲಿ ನಲವತ್ತು ರೂಪಾಯಿ ವ್ಯತ್ಯಾಸ ಬಂದು, ಅದನ್ನ ಹುಡುಕೋಕೆ ಹತ್ತೂಕಾಲು ಆಯ್ತು, ಕೊನೆಗೆ ಹುಡುಕಿಕೊಟ್ಟಿದ್ದು ಏಳನೇ ಕ್ಲಾಸ್ ಓದ್ತಿದ್ದ ಅವರ ಪೈಕಿ ಒಬ್ಬಳ ಮಗಳು. ಎರಡು ವರ್ಷ ಓದಿದ್ದಕ್ಕಿಂತ ಆ ನಲವತ್ತು ರೂಪಾಯಿ ನಂಗೆ ಜಾಸ್ತಿ ಕಲ್ಸಿದೆ ಅಂತ ಈಗ್ಲೂ ಅನ್ಸುತ್ತೆ.

ಅದಕ್ಕೇ ಹೇಳೋದು, ಸೇವೆ ಅಂದ್ರೆ ಮನಸ್ಸಲ್ಲಿ ಒಂದು ಚಿತ್ರ ಇರುತ್ತಲ್ಲ, ಬಡವರ ತಲೆ ಮೇಲೆ ಕೈ ಇಡೋದು, ಮಕ್ಕಳಿಗೆ ಹಾಡು ಹೇಳ್ಕೊಡೋದು, ಅದು ಕೆಲಸದಲ್ಲಿ ಒಂದು ಚೂರು. ಮಿಕ್ಕಿದ್ದೆಲ್ಲ ರಿಜಿಸ್ಟರು, ವೋಚರು, ತಹಸೀಲ್ದಾರ್ ಆಫೀಸ್ ಬೆಂಚು. ಆಸ್ಪತ್ರೆ ಸೋಷಿಯಲ್ ವರ್ಕರ್ ಆದ್ರೂ ಅಷ್ಟೇ, ನಿಮ್ಮ ಬೆಟಗೇರಿ ಜರ್ಮನ್ ಆಸ್ಪತ್ರೆ ಇರ್ಲಿ, ಮೈಸೂರಲ್ಲಿ 1906ರಿಂದ ಇರೋ ಮಿಷನ್ ಆಸ್ಪತ್ರೆ ಇರ್ಲಿ, ರೋಗಿ ಕೈಲಿ ದುಡ್ಡಿಲ್ಲ ಅಂದಾಗ ಇವ್ರ ಬಿಪಿಎಲ್ ಕಾರ್ಡ್ ಎಲ್ಲಿ, ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರ್ ತಂದಿದಾರಾ, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತಾ ಇಲ್ವಾ ಇದನ್ನೆಲ್ಲ ಓಡಾಡಿ ನೋಡೋ ಜನ ಬೇಕು. ಪ್ರಾರ್ಥನೆ ಮಾಡೋಕೆ ಚಾಪ್ಲೇನ್ ಅಂತ ಆಸ್ಪತ್ರೆ ಪಾದ್ರಿ ಬೇರೆ ಇರ್ತಾರೆ, ಅದೂ ಒಂದು ಪೂರ್ತಿ ಕೆಲಸ, ರಾತ್ರಿ ಎರಡು ಗಂಟೆಗೆ ಐಸಿಯು ಹೊರಗೆ ನಿಂತಿರೋರ ಪಕ್ಕ ಸುಮ್ನೆ ನಿಲ್ಲೋಕೂ ಟ್ರೇನಿಂಗ್ ಇದೆ.

ಇದೇನ್ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನೋರು ಬಂದಿದ್ದು ಸುವಾರ್ತೆ, ಅಂದ್ರೆ ಯೇಸುವಿನ ಸಂದೇಶ, ಸಾರೋಕೆ. ಆದ್ರೆ ಮತ ಬದಲಾಯಿಸಿದೋರನ್ನ ಜಾತಿಯೋರು ಹೊರಗಿಟ್ರು, ಕಸುಬು ಹೋಯ್ತು, ಊಟಕ್ಕೇನು ಅಂತ ಪ್ರಶ್ನೆ ಬಂತು, ಆಗ ಮಗ್ಗ ಹಾಕಿದ್ರು, 1865ರಲ್ಲಿ ಹಂಚಿನ ಫ್ಯಾಕ್ಟ್ರಿ ಹಾಕಿದ್ರು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪೇಪರ್ ಶುರು ಮಾಡಿದ. ಕಿಟ್ಟೆಲ್ ಬಂದಿದ್ದೂ ಮಿಷನರಿಯಾಗಿ, ನಾವು ಇವತ್ತು ನೆನೆಸ್ಕೊಳೋದು 1894ರ ಕನ್ನಡ-ಇಂಗ್ಲಿಷ್ ನಿಘಂಟಿಗೆ. ಆ ಕಾಲದಲ್ಲೂ ಸುವಾರ್ತೆ ಹೇಳೋರ ಜೊತೆ ಪ್ರೆಸ್ಸಲ್ಲಿ ಅಚ್ಚಿನ ಮೊಳೆ ಜೋಡ್ಸೋರೂ ಇದ್ರು, ಹಂಚಿನ ಲೆಕ್ಕ ಬರೆಯೋರೂ ಇದ್ರು, ಸಂಬಳ ಎಲ್ಲರಿಗೂ ಬೇಕಿತ್ತು.

ಹೊಟ್ಟೆ ವಿಷ್ಯಕ್ಕೆ ಬರೋಣ. ಸಭಾಪಾಲಕರಿಗೆ ಡಯಾಸಿಸ್ ಸಂಬಳ ಕೊಡುತ್ತೆ, ಇರೋಕೆ ಮನೆ ಕೊಡುತ್ತೆ, ಜೊತೆಗೆ ಟ್ರಾನ್ಸ್‌ಫರ್, ಮಕ್ಕಳ ಸ್ಕೂಲು ಬದಲಾಗ್ತಾನೇ ಇರುತ್ತೆ. ಮಿಷನ್ ಸ್ಕೂಲಲ್ಲಿ ಬಿ.ಎಡ್. ಮಾಡಿ ಟೀಚರ್ ಆಗೋದು, ನರ್ಸಿಂಗು, ಇವೆಲ್ಲ ಗೊತ್ತಿರೋ ದಾರಿ, ಇಲ್ಲಿ ಬಿಡಿಸಿ ಹೇಳೋದೇನಿಲ್ಲ. ಕಷ್ಟ ಇರೋದು ಪ್ರಾಜೆಕ್ಟ್ ಕೆಲಸದಲ್ಲಿ. ಪ್ರಾಜೆಕ್ಟ್ ಅಂದ್ರೆ ಮೂರು ವರ್ಷಕ್ಕೆ ದುಡ್ಡು, ಮೂರನೇ ವರ್ಷದ ಮಾರ್ಚ್‌ನಲ್ಲಿ ಎದೆ ಡವಡವ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆ ಎಫ್‌ಸಿಆರ್‌ಎಗೆ ತಿದ್ದುಪಡಿ ಬಂದ್ಮೇಲೆ ವಿದೇಶಿ ದುಡ್ಡಲ್ಲಿ ಆಡಳಿತ ಖರ್ಚು ಶೇ. 50ರ ಬದಲು ಶೇ. 20 ಅಷ್ಟೇ ಮಾಡ್ಬೋದು, ದೊಡ್ಡ ಸಂಸ್ಥೆ ತಾನು ತಗೊಂಡಿದ್ದನ್ನ ಚಿಕ್ಕ ಸಂಸ್ಥೆಗೆ ಹಂಚೋ ಹಂಗಿಲ್ಲ. ತಾಲ್ಲೂಕು ಮಟ್ಟದ ಚಿಕ್ಕ ಸಂಸ್ಥೆಗಳಿಗೆ ಬಿದ್ದ ಹೊಡೆತ ಅದು. ಆಮೇಲೆ 2023ರಲ್ಲಿ 1098 ಮಕ್ಕಳ ಸಹಾಯವಾಣಿನ ಸರ್ಕಾರನೇ ವಹಿಸ್ಕೊಂಡಾಗ ಎನ್‌ಜಿಒ ಕಡೆಯಿಂದ ಅದ್ರಲ್ಲಿ ದುಡೀತಿದ್ದ ಹುಡುಗ ಹುಡುಗೀರ ಪರಿಸ್ಥಿತಿ ಏನಾಯ್ತು ಅಂತ ಯೋಚ್ನೆ ಮಾಡಿ. ನಂಗೂ ಒಂದ್ಸಲ ಹಂಗೇ ಆಗಿತ್ತು, ಶುಕ್ರವಾರ ಕರೆದು ಸೋಮವಾರದಿಂದ ಪ್ರಾಜೆಕ್ಟ್ ಇಲ್ಲ ಅಂದ್ರು, ಪಿಎಫ್ ಕೇಳಿದ್ರೆ "ಇದು ಸೇವೆ ಕಣಪ್ಪ, ನೌಕರಿ ಅಲ್ಲ" ಅಂದ್ರು. ಸಿಟ್ಟು ಬಂದಿತ್ತು, ಇನ್ನೂ ಪೂರ್ತಿ ಇಳಿದಿಲ್ಲ. ಇಪ್ಪತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ನೌಕರರಿದ್ರೆ ಪಿಎಫ್ ಕಟ್ಟಲೇಬೇಕು ಅಂತ ಕಾನೂನಿದೆ, ಸೇವೆಗೆ ರಿಯಾಯ್ತಿ ಅಂತ ಅದ್ರಲ್ಲಿ ಬರೆದಿಲ್ಲ. ಹಂಗಾಗಿ ಎಲ್ಲಿ ಸೇರಿದ್ರೂ ಅಪಾಯಿಂಟ್‌ಮೆಂಟ್ ಆರ್ಡರ್ ಕಾಪಿ ಕೈಗೆ ತಗೊಂಡೇ ಸೇರಿ, ಫಾದರ್ ಎಷ್ಟೇ ಒಳ್ಳೆಯೋರಾಗಿರ್ಲಿ.

ಇನ್ನೊಂದು ಮಾತು ನೇರವಾಗೇ ಹೇಳ್ತೀನಿ. ಧರ್ಮ ಸಾರೋ ಕೆಲಸ ಮತ್ತೆ ಸಮುದಾಯದ ಕೆಲಸ ಎರಡನ್ನೂ ಒಂದೇ ಚೀಲಕ್ಕೆ ತುಂಬ್ಕೋಬೇಡಿ. ಸುವಾರ್ತೆ ಸಾರೋಕೆ ಹೋಗ್ತೀನಿ ಅಂದ್ರೆ ಸುವಾರ್ತಿಕರಾಗಿ ಹೋಗಿ, ಅದು ನಿಮ್ಮ ಹಕ್ಕು. ಸಾಲದ ಪುಸ್ತಕ ಹಿಡ್ಕೊಂಡು ಹೋದ ಕಡೆ ಬೈಬಲ್ ತೆಗೆದ್ರೆ ಆ ಹೆಂಗಸ್ರು ಇಲ್ಲ ಅನ್ನೋಕಾಗ್ದೇ ಕೂತ್ಕೋತಾರೆ, ಅದು ಸರಿಯಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ಆಮಿಷ ಅನ್ನೋ ಪದದೊಳಗೆ ಉಡುಗೊರೆ, ಕೆಲಸ, ಉಚಿತ ಶಿಕ್ಷಣ ಎಲ್ಲಾ ಸೇರಿಸಿದ್ರು, 2023ರಲ್ಲಿ ಸಂಪುಟ ಅದನ್ನ ವಾಪಸ್ ತಗೊಳೋ ತೀರ್ಮಾನ ಮಾಡ್ತು, ಆದ್ರೆ ಫೀಲ್ಡಲ್ಲಿ ಇರೋರಿಗೆ ಕಾನೂನಿಗಿಂತ ಊರಿನ ಕಣ್ಣು ದೊಡ್ಡದು. ನಮ್ಮ ಟೀಮಲ್ಲಿ ಏಳು ಜನ, ಅದ್ರಲ್ಲಿ ಕ್ರೈಸ್ತರು ಇಬ್ರೇ, ಮಿಕ್ಕೋರು ಲಿಂಗಾಯತರು, ಸಾಬರ ಹುಡುಗ ಒಬ್ಬ, ಎಸ್ಸಿ ಹುಡುಗೀರಿಬ್ರು. ಬೆಂಗಳೂರಲ್ಲಿ ಮಾಗಡಿ ರೋಡ್ ಸುಮನಹಳ್ಳಿ ಬಸ್ ಸ್ಟಾಪಲ್ಲಿ ದಿನಾ ಸಾವಿರಾರು ಜನ ಇಳೀತಾರೆ, ಆ ಹೆಸರು ಕುಷ್ಠರೋಗ ಬಂದೋರಿಗೆ ಅಂತ ಫಾದರ್‌ಗಳು ನಡೆಸ್ಕೊಂಡು ಬಂದಿರೋ ಕೇಂದ್ರದ್ದು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ, ಗೊತ್ತಾಗ್ಬೇಕು ಅಂತಾನೂ ಇಲ್ಲ ಬಿಡಿ.

ಹಂಗಾದ್ರೆ ನೀನು ಯಾವ್ದು ಮಾಡ್ಬೇಕು? ಭಾನುವಾರ ಚರ್ಚಲ್ಲಿ ಪ್ರಸಂಗ, ಅಂದ್ರೆ ಪಾದ್ರಿ ಉಪದೇಶ, ಕೇಳ್ವಾಗ ನಾನಾಗಿದ್ರೆ ಹಿಂಗೆ ಹೇಳ್ತಿದ್ದೆ ಅಂತ ಅನ್ಸುತ್ತಾ, ಸತ್ತ ಮನೆಗೆ ಹೋಗೋಕೆ ಹಿಂಜರಿಕೆ ಇಲ್ವಾ, ಆಗ ಬಿ.ಡಿ. ಕಡೆ ನೋಡು, ಮೊದಲು ಸಭೆ ಕಮಿಟಿ ಹತ್ರ ಲೆಟರ್ ಕೇಳು, ಅವ್ರು ಕೊಡೋಕೆ ಮೀನಮೇಷ ಎಣಿಸಿದ್ರೆ ಅದೂ ಒಂದು ಉತ್ತರನೇ. ಅದಿಲ್ಲ, ಜನರ ಜೊತೆ ಕೆಲಸ ಬೇಕು ಅಷ್ಟೇ ಅಂದ್ರೆ ಎಂಎಸ್‌ಡಬ್ಲ್ಯೂ. ಹತ್ರದಲ್ಲಿ ಧಾರವಾಡದ ಕರ್ನಾಟಕ ಯೂನಿವರ್ಸಿಟಿ ಇದೆ, ಮಂಗಳೂರಲ್ಲಿ ಸಿಸ್ಟರ್‌ಗಳು 1960ರಲ್ಲಿ ಶುರು ಮಾಡಿದ ರೋಶನಿ ನಿಲಯ ಇದೆ. ನಿನ್ನ ಪತ್ರ ಓದಿದ್ರೆ ನಂಗೆ ಎರಡನೇದೇ ಅನ್ಸುತ್ತೆ, ಯಾಕಂದ್ರೆ ಎರಡು ಪುಟದಲ್ಲಿ ಪ್ರಸಂಗದ ಮಾತೇ ಇಲ್ಲ, ಪಕ್ಕದ ಓಣಿ ಹುಡುಗ್ರು ಸಾಲಿ ಬಿಟ್ಟಿದ್ದು ಮೂರ್ ಸಲ ಬಂದಿದೆ.

ಅಡ್ಮಿಷನ್‌ಗೆ ಮುಂಚೆ ಒಂದು ತಿಂಗಳು ಹತ್ರದ ಯಾವ್ದಾದ್ರೂ ಸಂಸ್ಥೆಗೆ ವಾಲಂಟಿಯರ್ ಆಗಿ ಹೋಗು. ಹಾಡು ಹೇಳ್ಕೊಡೋ ಕೆಲಸ ಕೊಟ್ರೆ ಬೇಡ ಅನ್ನು, ಲೆಕ್ಕದ ಬುಕ್ಕು ಕೇಳು.