ಫಾಂಟ್ ಮಾಡುವವರಿಗೆ ಲೈಬ್ರರಿ ಯಾಕೆ ಬೇಕು?

ಕನ್ನಡ ಫಾಂಟ್ ಮಾಡಲು ಕಲಿಯಬೇಕು ಎಂದು ಬರುವವರು ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ. ಆಮೇಲೆ ಪಿಂಟರೆಸ್ಟ್‌ನಿಂದ ಎತ್ತಿಟ್ಟುಕೊಂಡ ಚಿತ್ರಗಳನ್ನು ತೋರಿಸುತ್ತಾರೆ. ಚಿತ್ರಗಳೇನೋ ಚೆನ್ನಾಗಿಯೇ ಇರುತ್ತವೆ. ಆದರೆ ಎಲ್ಲರ ಹತ್ತಿರವೂ ಅವೇ ಚಿತ್ರಗಳು, ಹಾಗಾಗಿ ಕೊನೆಗೆ ಎಲ್ಲರ ಅಕ್ಷರವೂ ಒಂದೇ ಥರ. ಇದು ಯಾವ ವರ್ಷದ್ದು, ಯಾವ ಪ್ರೆಸ್ಸಿನದು, ಮೂಲದಲ್ಲಿ ಎಷ್ಟು ದೊಡ್ಡದಿತ್ತು, ಕೈಯಲ್ಲಿ ಬರೆದದ್ದಾ, ಮೊಳೆ (ಸೀಸದಲ್ಲಿ ಎರಕ ಹೊಯ್ದ ಬಿಡಿ ಅಕ್ಷರ) ಜೋಡಿಸಿ ಅಚ್ಚು ಹಾಕಿದ್ದಾ ಎಂದು ಕೇಳಿದರೆ ಉತ್ತರವಿಲ್ಲ. ಸಂಶೋಧನೆ ಶುರುವಾಗುವುದೇ ಅಲ್ಲಿಂದ ಅಲ್ವಾ?

ಅದಕ್ಕೇ ನಾನು ಅವರನ್ನು ಲೈಬ್ರರಿಗೆ ಅಟ್ಟುತ್ತೇನೆ. ಆದರೆ ಎಲ್ಲ ಲೈಬ್ರರಿಯಲ್ಲೂ ನಮ್ಮ ಕೆಲಸ ಆಗುವುದಿಲ್ಲ. ಮಾಮೂಲಿ ಲೈಬ್ರರಿಯಲ್ಲಿ ಪುಸ್ತಕ ಹುಡುಕುವುದು ಬರೆದವರ ಹೆಸರಿನಿಂದ, ಇಲ್ಲವೇ ವಿಷಯದಿಂದ. ನಮಗೆ ಬೇಕಿರುವುದು ಅಚ್ಚು ಹಾಕಿದವರ ಹೆಸರು, ಮೊಳೆ ಎರಕ ಹೊಯ್ದವರ ಹೆಸರು. ಇನ್ನೂ ಒಂದು ತೊಂದರೆ ಇದೆ. ಫೌಂಡ್ರಿಯವರ, ಅಂದರೆ ಮೊಳೆ ಎರಕ ಹೊಯ್ದು ಮಾರುವವರ, ಅಕ್ಷರ ಮಾದರಿ ಪುಸ್ತಕ, ದರಪಟ್ಟಿ, ಮೊಳೆ ಜೋಡಿಸುವವರಿಗೆ ಬರೆದ ಕೈಪಿಡಿ, ಪ್ರೆಸ್ಸಿನವರು ಓದುತ್ತಿದ್ದ ಪತ್ರಿಕೆ, ಇವನ್ನೆಲ್ಲ ಮಾಮೂಲಿ ಲೈಬ್ರರಿಗಳು ಪುಸ್ತಕ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ. ಜಾಗ ಸಾಲದಾದಾಗ ಮೊದಲು ಗುಜರಿಗೆ ಹೋಗುವುದು ಇವೇ.

ಲಂಡನ್ನಿನ ಫ್ಲೀಟ್ ಸ್ಟ್ರೀಟ್ ಹತ್ತಿರ ಸೇಂಟ್ ಬ್ರೈಡ್ ಲೈಬ್ರರಿ ಅಂತ ಒಂದಿದೆ. 1895ರಲ್ಲಿ ಶುರುವಾದದ್ದು. ವಿಲಿಯಂ ಬ್ಲೇಡ್ಸ್ ಎಂಬ ಮುದ್ರಕ ಅಚ್ಚಿನ ಕಸುಬಿನ ಬಗ್ಗೆ ಜೀವನವಿಡೀ ಕೂಡಿಟ್ಟ ಪುಸ್ತಕಗಳೇ ಅದಕ್ಕೆ ಬುನಾದಿ. ಸುತ್ತಮುತ್ತಲಿನ ಪ್ರೆಸ್ಸುಗಳಲ್ಲಿ ದುಡಿಯುವವರಿಗಾಗಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ಪುಸ್ತಕಗಳ ಜೊತೆಗೆ ಅಕ್ಷರ ಕೊರೆದ ಉಕ್ಕಿನ ಪಂಚುಗಳೂ, ಪಂಚನ್ನು ಒತ್ತಿ ಮಾಡಿದ ಎರಕದ ಅಚ್ಚುಗಳಾದ ಮ್ಯಾಟ್ರಿಕ್ಸುಗಳೂ ಇವೆ. ಒಂದು ಹಳೆಯ ದರಪಟ್ಟಿಯಿಂದ ಏನು ಸಿಗುತ್ತದೆ ಎಂದು ಕೇಳಬಹುದು. ಒಂದು ಅಕ್ಷರವನ್ನು ಯಾವ ಯಾವ ಅಳತೆಯಲ್ಲಿ ಎರಕ ಹೊಯ್ಯುತ್ತಿದ್ದರು, ಯಾರಿಗೆ ಮಾರಲು ನೋಡುತ್ತಿದ್ದರು, ಯಾವುದು ಪುಸ್ತಕಕ್ಕೆ, ಯಾವುದು ಕರಪತ್ರಕ್ಕೆ, ಇಷ್ಟೂ ಗೊತ್ತಾಗುತ್ತದೆ. ಇವತ್ತು ನಾವು ಸುಮ್ನೆ ಚಂದ ಎಂದು ನಕಲು ಮಾಡುವ ಎಷ್ಟೋ ಅಕ್ಷರಗಳು ದೂರದಿಂದ ಕಾಣಲಿ ಎಂದೇ ಕೊರೆದವು. ಅದನ್ನು ತಂದು ಮೊಬೈಲಿನ ಪುಟ್ಟ ಸಾಲಿಗೆ ಹಾಕಿದರೆ ಕಣ್ಣು ನೋಯದೆ ಇನ್ನೇನು?

ನಮ್ಮ ಕೆಲಸಕ್ಕೆ ಇನ್ನೂ ಹತ್ತಿರದ್ದು ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದ ಸಂಗ್ರಹ. ರೋಮನ್ ಅಲ್ಲದ ಲಿಪಿಗಳಿಗೆಂದೇ ಅಲ್ಲಿ ಬೇರೆ ಸಂಗ್ರಹವಿದೆ. ಭಾರತದ ಲಿಪಿಗಳಿಗಾಗಿ, ಅಕ್ಷರ ಜೋಡಿಸುವ ಯಂತ್ರ ಮಾಡುತ್ತಿದ್ದ ಲೈನೋಟೈಪ್ ಕಂಪನಿಯಲ್ಲಿ ಬರೆದ ನಕ್ಷೆಗಳು, ಪತ್ರಗಳು ಅಲ್ಲಿ ಸೇರಿವೆ. ಇದು ಯಾಕೆ ಮುಖ್ಯ ಎಂದರೆ, ಲೈನೋಟೈಪ್ ಯಂತ್ರದ ಒಂದು ಮ್ಯಾಗಜೀನಿನಲ್ಲಿ, ಅಂದರೆ ಅಕ್ಷರಗಳ ಅಚ್ಚು ತುಂಬಿಡುವ ಪೆಟ್ಟಿಗೆಯಲ್ಲಿ, ಇದ್ದದ್ದು 90 ಚಾನಲ್, ಒಂದೊಂದರಲ್ಲಿ ಒಂದೊಂದು ಅಕ್ಷರ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ತುಂಡು ಬೇಕು. ಯಂತ್ರಕ್ಕೆ ಹೊಂದಿಸಲು ಹೋದರೆ ಏನಾದರೂ ಕತ್ತರಿಸಲೇಬೇಕು, ಇಲ್ಲವೇ ಒಂದೇ ತುಂಡನ್ನು ಹತ್ತು ಕಡೆ ಬಳಸಬೇಕು. ಹಾಗೆ ಹುಟ್ಟಿದ ರೂಪವನ್ನು ನೋಡಿ ನೋಡಿ ನಮಗೆ ಅದೇ ಸರಿ ಅನ್ನಿಸಿಬಿಡುತ್ತದೆ. ಯಾವುದು ಲಿಪಿಯ ಗುಣ, ಯಾವುದು ಯಂತ್ರದ ಕಾಟ ಎಂದು ಬಿಡಿಸಿ ನೋಡಲು ಅಚ್ಚಾದ ಪುಟ ಸಾಲದು. ಆ ನಕ್ಷೆ, ಆ ಪತ್ರಗಳೇ ಬೇಕು.

ಅಷ್ಟು ದೂರ ಹೋಗಲು ಎಲ್ಲರಿಗೂ ಆಗುವುದಿಲ್ಲ, ಸರಿ. ಮಂಗಳೂರಿಗೆ ಹೋಗಬಹುದಲ್ಲ? ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನ ಪುಸ್ತಕಗಳಿವೆ. ಆ ಪ್ರೆಸ್ 1841ರಲ್ಲಿ ಶುರುವಾದದ್ದು ಕಲ್ಲಚ್ಚಿನಿಂದ, ಅಂದರೆ ಕೈಬರಹವನ್ನು ಕಲ್ಲಿಗೆ ಇಳಿಸಿ ಅಚ್ಚು ತೆಗೆಯುವ ವಿಧಾನದಿಂದ. 1843ರ ಮಂಗಳೂರು ಸಮಾಚಾರ ಪತ್ರಿಕೆ ಕೂಡ ಕಲ್ಲಚ್ಚೇ. ಕಲ್ಲಚ್ಚಿನಲ್ಲಿ ಬರುವುದು ಕೈಬರಹದ ರೂಪ. ಒತ್ತು ಎಲ್ಲಿಗೆ ಬೇಕೋ ಅಲ್ಲಿಗೆ ಇಳಿಯಬಹುದು, ಕೊಂಬು ಎಷ್ಟು ಬೇಕೋ ಅಷ್ಟು ಚಾಚಬಹುದು. ಮೊಳೆಯಲ್ಲಿ ಹಾಗಾಗದು. ಪ್ರತಿ ಅಕ್ಷರವೂ ಒಂದೊಂದು ಸೀಸದ ಚೌಕದೊಳಗೆ ನಿಲ್ಲಬೇಕು, ಇಲ್ಲದಿದ್ದರೆ ಚಾಚಿದ ತುದಿ ಮುರಿಯುತ್ತದೆ. ಹಾಗಾಗಿ 1843ರ ಕಲ್ಲಚ್ಚಿನ ಪುಟವನ್ನೂ ಅದೇ ಪ್ರೆಸ್ ಮುಂದೆ ಮೊಳೆಯಲ್ಲಿ ಹಾಕಿದ ಪುಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೊಳೆ ಕನ್ನಡಕ್ಕೆ ಏನು ಕೊಟ್ಟಿತು, ಏನು ಕಿತ್ತುಕೊಂಡಿತು ಎನ್ನುವುದು ಕಣ್ಣಿಗೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಆ ಸೀಸದ ಚೌಕ ಇಲ್ಲ. ಆದರೂ ನಮ್ಮ ಬಹಳಷ್ಟು ಫಾಂಟುಗಳು ಇನ್ನೂ ಅದರೊಳಗೇ ಕೂತಿವೆ. ನನಗೆ ಇದು ಸೋಮಾರಿತನ ಅಂತಲೇ ಅನ್ನಿಸುತ್ತದೆ.

ಅದೇ ಪ್ರೆಸ್ಸಿನಿಂದ 1894ರಲ್ಲಿ ಬಂದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು ಭಾಷೆಯವರು ಅರ್ಥಕ್ಕಾಗಿ ತೆರೆಯುತ್ತಾರೆ. ನಾನು ತೆರೆಯುವುದು ಅದರ ಸಾಲುಗಳಿಗಾಗಿ. ಕನ್ನಡವೂ ರೋಮನ್ನೂ ಒಂದೇ ಸಾಲಿನಲ್ಲಿ, ಪುಟದ ಮೇಲೆ ಪುಟ. ಎರಡು ಲಿಪಿಗಳ ಎತ್ತರವನ್ನು ಹೇಗೆ ಸರಿದೂಗಿಸಿದರು, ಒತ್ತಿಗೆ ಜಾಗ ಬಿಡಲು ಸಾಲುಗಳ ನಡುವೆ ಎಷ್ಟು ಅಂತರ ಕೊಟ್ಟರು ಎಂದು ಸ್ಕೇಲ್ ಇಟ್ಟು ಅಳೆಯಿರಿ. ಇವತ್ತು ಎರಡು ಭಾಷೆಯ ಬೋರ್ಡು, ಆ್ಯಪ್ ಮಾಡುವವರಿಗೆ ಇರುವ ತಲೆನೋವೂ ಇದೇ ತಾನೆ? ಹಳಗನ್ನಡದ ಱ, ೞ ಅಕ್ಷರಗಳೆರಡೂ ಅದರಲ್ಲಿ ಸಿಗುತ್ತವೆ. ಈಗಿನ ಫಾಂಟುಗಳಲ್ಲಿ ಇವೆರಡನ್ನು ಯಾರೂ ಬಳಸುವುದಿಲ್ಲ ಎಂದು ಹೇಗೆಹೇಗೋ ಗೀಚಿಟ್ಟಿರುತ್ತಾರೆ. ಹಳಗನ್ನಡ ಅಚ್ಚು ಹಾಕುವವರು ಬೈದುಕೊಂಡೇ ಬಳಸಬೇಕು.

ಹಳೆಯ ಪುಸ್ತಕ ನೋಡಿ ಏನಾಗಬೇಕು ಎನ್ನುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ಹಿಂದೆ ಪದದ ಕೊನೆಯಲ್ಲಿ ಬರುವ ನ್ ಅಕ್ಷರಕ್ಕೆ ಬೇರೆಯದೇ ಒಂದು ರೂಪವಿತ್ತು, ನಕಾರಪೊಲ್ಲು ಅಂತ. ಬಳಕೆಯಿಂದ ಹೋಗಿಯೇಬಿಟ್ಟಿತ್ತು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ವ್ಯವಸ್ಥೆಯೇ ಯೂನಿಕೋಡ್. 2021ರಲ್ಲಿ ಅದರ 14ನೆಯ ಆವೃತ್ತಿಯಲ್ಲಿ ನಕಾರಪೊಲ್ಲಿಗೆ ತನ್ನದೇ ಸಂಕೇತ ಸಿಕ್ಕಿತು. ಯೂನಿಕೋಡಿನವರು ಬಾಯಿಮಾತಿಗೆ ಒಪ್ಪುವುದಿಲ್ಲ, ಅಕ್ಷರ ಬಳಕೆಯಲ್ಲಿತ್ತು ಎನ್ನಲು ಹಳೆಯ ಪುಟಗಳ ಸಾಕ್ಷಿ ಬೇಕು. ಆ ಪುಟಗಳು ಎಲ್ಲೋ ಕಪಾಟಿನಲ್ಲಿ ಉಳಿದಿದ್ದವು ಎಂಬ ಕಾರಣಕ್ಕೆ ಅಕ್ಷರಕ್ಕೆ ಮತ್ತೆ ಜಾಗ ಸಿಕ್ಕಿದೆ.

ಎಲ್ಲ ಸ್ಕ್ಯಾನ್ ಆಗಿ ನೆಟ್ಟಿನಲ್ಲಿದೆಯಲ್ಲ, ಹೋಗುವುದೇಕೆ ಎನ್ನುತ್ತಾರೆ. ಓದಲು ಸ್ಕ್ಯಾನ್ ಸಾಕು. ಅಕ್ಷರ ಕಲಿಯಲು ಸಾಲದು. ಕಪ್ಪು, ಬಿಳಿ ಎರಡೇ ಬಣ್ಣಕ್ಕೆ ಇಳಿಸಿದ ಸ್ಕ್ಯಾನಿನಲ್ಲಿ ತೆಳು ಗೆರೆ ಹಾರಿಹೋಗಿರುತ್ತದೆ, ದಪ್ಪ ಗೆರೆ ಇನ್ನಷ್ಟು ದಪ್ಪವಾಗಿರುತ್ತದೆ. ಪುಟದ ನಿಜವಾದ ಅಳತೆ ತಿಳಿಯುವುದಿಲ್ಲ. ಮೊಳೆ ಕಾಗದವನ್ನು ಎಷ್ಟು ಒತ್ತಿದೆ, ಮಸಿ ಎಷ್ಟು ಹರಡಿದೆ ಎಂದು ನೋಡಬೇಕಾದರೆ ಹಾಳೆಯನ್ನು ಓರೆ ಬೆಳಕಿಗೆ ಹಿಡಿಯಬೇಕು. ಹರಡಿದ ಮಸಿಯನ್ನೂ ಅಕ್ಷರದ ಆಕಾರ ಎಂದುಕೊಂಡು ನಕಲು ಮಾಡಿದರೆ ಫಾಂಟ್ ಊದಿಕೊಂಡಂತೆ ಕಾಣುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಕ್ಷರ ವಿನ್ಯಾಸಕ್ಕೆಂದೇ ಇರುವ ಲೆಟರ್‌ಫಾರ್ಮ್ ಆರ್ಕೈವ್ ಎಂಬ ಸಂಗ್ರಹದವರು ತಮ್ಮ ಸಂಗ್ರಹದ ಚಿತ್ರಗಳನ್ನು ಕಾಗದದ ಮೈ ಕಾಣುವ ಹಾಗೆ ತೆಗೆದು ನೆಟ್ಟಿನಲ್ಲಿ ಹಾಕುತ್ತಾರೆ. ಹಾಗೆ ಮಾಡಿದರೆ ದೂರದಲ್ಲಿ ಕೂತೂ ಒಂದಿಷ್ಟು ಕಲಿಯಬಹುದು.

ಹೋಗುವಾಗ ಒಂದು ಭೂತಗನ್ನಡಿ, ಮಿಲಿಮೀಟರ್ ಸ್ಕೇಲ್, ಪೆನ್ಸಿಲ್ ಇಟ್ಟುಕೊಳ್ಳಿ. ಹಳೆಯ ಪುಸ್ತಕ ಇರುವ ಕಡೆ ಪೆನ್ನು ಬಿಡುವುದಿಲ್ಲ, ಬಿಡಲೂಬಾರದು. ಫೋಟೋ ತೆಗೆಯಲು ಒಪ್ಪಿದರೆ ಸ್ಕೇಲ್ ಪಕ್ಕದಲ್ಲಿಟ್ಟೇ ತೆಗೆಯಿರಿ. ಮುದ್ರಕರ ಹೆಸರಿರುವ ಸಾಲನ್ನು ತಪ್ಪದೆ ಬರೆದುಕೊಳ್ಳಿ. ಬ್ರಿಟಿಷರ ಆಳ್ವಿಕೆಯ ಪ್ರದೇಶಗಳಲ್ಲಿ 1867ರ ಕಾಯ್ದೆಯಿಂದಾಗಿ ಮುದ್ರಕರ ಹೆಸರು, ಊರು ಹಾಕುವುದು ಕಡ್ಡಾಯವಾಗಿತ್ತು, ಹಾಗಾಗಿ ಆ ಒಂದು ಸಾಲು ಹಿಡಿದು ಬೇರೆ ಪುಸ್ತಕಗಳನ್ನು ಹುಡುಕಬಹುದು. ಎಲ್ಲಕ್ಕಿಂತ ಮೊದಲು ಲೈಬ್ರರಿಯವರ ಹತ್ತಿರ ಕೂತು ಮಾತಾಡಿ. ಕ್ಯಾಟಲಾಗಿಗೆ ಸೇರದ ಕಟ್ಟುಗಳು ಎಲ್ಲಿವೆ ಎನ್ನುವುದು ಅವರಿಗೇ ಗೊತ್ತಿರುವುದು.

ಅಚ್ಚಿನ ಕಸುಬಿಗೆಂದೇ ಇರುವ ಇಂಥದ್ದೊಂದು ಲೈಬ್ರರಿ ಕನ್ನಡಕ್ಕೂ ಬೇಕು. ಸರ್ಕಾರ ಮಾಡಲಿ, ವಿನ್ಯಾಸ ಕಾಲೇಜುಗಳು ಮಾಡಲಿ. ಅಲ್ಲಿವರೆಗೆ, ನಿಮ್ಮೂರಲ್ಲಿ ಹಳೆಯ ಪ್ರೆಸ್ ಮುಚ್ಚುತ್ತಿದ್ದರೆ ಮಾಲೀಕರನ್ನು ಒಮ್ಮೆ ಕೇಳಿ. ಸೀಸಕ್ಕೆ ಗುಜರಿಯವನು ತೂಕದ ಮೇಲೆ ಬೆಲೆ ಕಟ್ಟುತ್ತಾನೆ, ಅದನ್ನು ಬಿಟ್ಟುಕೊಡಿ ಎನ್ನುವುದು ಕಷ್ಟ. ಆದರೆ ಗಿರಾಕಿಗಳಿಗೆ ತೋರಿಸಲು ಇಟ್ಟುಕೊಂಡಿದ್ದ ಅಕ್ಷರ ಮಾದರಿಯ ಹಾಳೆ, ಮದುವೆ ಕಾಗದದ ಆಲ್ಬಮ್, ಫೌಂಡ್ರಿಯ ಬಿಲ್ಲು, ಇವಕ್ಕೆ ಅವನು ಏನೂ ಕೊಡುವುದಿಲ್ಲ. ಅವನ್ನು ಕೇಳಿ ಇಸಿದುಕೊಳ್ಳಿ, ಪ್ರೆಸ್ಸಿನ ಹೆಸರು, ಊರು, ಎಷ್ಟರಿಂದ ಎಷ್ಟರವರೆಗೆ ನಡೆಯಿತು ಎನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗೇ ಇಡಿ.